ಉರುಳಿಯಲ್ಲಿ ಮಲಗಿದ ಗ್ಲೋಬು

ಪಟ್ಟಂ, ತಿರುವನಂತಪುರ
2-7-1968

ಪೂಜ್ಯ ಮಾವನವರಿಗೆ ಅಳಿಯ ಮಹಾಲಿಂಗನ ನಮಸ್ಕಾರ, ತಪ್ಪೊಪ್ಪಿಗೆ ಸಮೇತ.

ಮಗುವಿನ ಜಾತಕ ಬರೆಯುವುದನ್ನು ದಯಮಾಡಿ ಅಲ್ಲಿಗೇ ನಿಲ್ಲಿಸಿ. "ಈ ಶಿಶು ಹುಟ್ಟಿದಲ್ಲಿ ಎರಡು ತಿಂಗಳಿಂದ ಸೂರ್ಯ ಮುಳುಗಿಯೇ ಇಲ್ಲ. ನನ್ನ ಮಗಳನ್ನು ಯಾವ ಹಿಮದ ರಾಶಿಗೆ ಕೊಂಡುಹೋದದ್ದು ನೀವು?" ಎಂದು ನೀವು ಗದರಿಸಿದ್ದು ನ್ಯಾಯವೇ. ನೀವು ಕೇಳಿದ ಅಕ್ಷಾಂಶ, ರೇಖಾಂಶಗಳನ್ನು ನಾನು ನೋಡಿದ್ದು ಪಕ್ಕದ ಮನೆಯ ವಾರಿಜಾ ಟೀಚರ ಗ್ಲೋಬಿನಲ್ಲಿ. ಸ್ಟ್ಯಾಂಡ್ ಮುರಿದ ಕಾರಣ ಅದು ಪಾಯಸ ಕಾಯಿಸುವ ಕಂಚಿನ ಉರುಳಿಯೊಳಗೆ ಹಲಸಿನಹಣ್ಣಿನಂತೆ ಅಡ್ಡ ಬಿದ್ದಿತ್ತು. ಅಡ್ಡಗೆರೆಯೇ ಅಕ್ಷಾಂಶವೆಂದು ಶಾಲೆಯಲ್ಲಿ ಉರುಹೊಡೆದವನು ನಾನು. ಕಣ್ಣಿಗೆ ಅಡ್ಡ ಕಂಡ ಗೆರೆಗಳನ್ನೇ ಎಣಿಸಿ, ಅಕ್ಷಾಂಶ ಎಪ್ಪತ್ತೇಳು ಎಂದು ಬರೆದುಬಿಟ್ಟೆ. "ಅಯ್ಯೋ ಸಾರೇ, ಮಲಗಿದ್ದು ಗ್ಲೋಬು, ಭೂಮಿಯಲ್ಲ!" ಎಂದು ಟೀಚರು ನಿನ್ನೆ ಹೊಟ್ಟೆ ಹಿಡಿದು ನಕ್ಕರು. ಅಕ್ಷಾಂಶ ಎಂಟೂವರೆ, ಎಪ್ಪತ್ತೇಳು ರೇಖಾಂಶ. ಸೂರ್ಯ ಇಲ್ಲಿಯೂ ದಿನಾ ಮುಳುಗುತ್ತಾನೆ.

ಬಾಣಂತಿ ರಾಜೀವಿ ಆರೋಗ್ಯವಾಗಿದ್ದಾಳೆ. ಮಗುವಿಗೆ ಸೆಕೆಯಿಂದ ಮೈಯೆಲ್ಲ ಬೆವರುಸಾಲೆ. ಹಿಮಕ್ಕೆಂದು ಅತ್ತೆಯವರು ಹೆಣೆದು ಕಳಿಸಿದ ಉಣ್ಣೆಯ ಕುಲಾವಿ ತಲುಪಿತು. ಅದನ್ನು ಸಿಂಬಿಯಂತೆ ಸುತ್ತಿ ಗ್ಲೋಬಿನ ಬುಡಕ್ಕಿಟ್ಟಿದ್ದೇವೆ. ಈಗ ಭೂಮಿ ನೆಟ್ಟಗೆ ಕೂತಿದೆ, ಕಿಂಚಿತ್ತೂ ಅಲುಗುವುದಿಲ್ಲ.

ಡಬ್ಬಿಯಿಂದ ಟಪಾಲು ತೆಗೆಯುವ ಹೊತ್ತಾಯಿತು, ಓಡುತ್ತೇನೆ. ಅತ್ತೆಯವರಿಗೆ ಓದಿ ಹೇಳುವಾಗ ಮಾತ್ರ, ಕುಲಾವಿ ಮಗುವಿನ ತಲೆಯಲ್ಲೇ ಇದೆ ಎನ್ನಿ.

ಮಹಾಲಿಂಗ