ಸ್ಟೀರಿಂಗಿನೊಳಗಿನ ಗಾಳಿ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ನಮ್ಮ ಮನೆಯ ಇವರಿಗೆ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನನ್ನ ಅಕ್ಷರ ಕಂಡ ತಕ್ಷಣ ಏನೋ ಆಗಿದೆ ಅಂದುಕೊಳ್ಳುತ್ತೀರಿ. ಏನೂ ಆಗಿಲ್ಲ. ಮನೆ ಹಾಗೇ ಇದೆ. ಬಚ್ಚಲ ನಲ್ಲಿ ಸೋರುವುದು ನಿಂತಿದೆ. ಕೈಗೆ ಒಂದು ಸಣ್ಣ ಗಾಯ, ಅದೂ ಒಣಗಿದೆ. ಗಾಯದ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಈಗ ಗೀಟು ಎಳೆದು ಹೊಡೆದುಹಾಕಿದರೆ ನಿಮಗೆ ಇನ್ನೂ ಅನುಮಾನ ಬರುತ್ತದೆ, ಇರಲಿ.

ಫೋನ್ ಮಾಡುವುದಿಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದೇನಲ್ಲ, ಹದಿನಾಲ್ಕು ತಿಂಗಳಿಂದ ಅದನ್ನು ಉಳಿಸಿಕೊಂಡು ಬಂದಿದ್ದೇನೆ. ಕಾಗದದ ಬಗ್ಗೆ ಏನೂ ಮಾತಾಗಿರಲಿಲ್ಲ. ನಾಳೆ ಬೆಳಿಗ್ಗೆ ಮೀಸೆ ಡ್ರೈವರ್ ಸಿಮೆಂಟ್ ಹೇರಿಕೊಂಡು ನೀವು ಕೆಲಸ ಮಾಡುವ ಬಂದರಿನ ಕಡೆಗೇ ಬರುತ್ತಾರಂತೆ, ಅವರ ಕೈಲಿ ಕಳಿಸುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ಒತ್ತು ದೀರ್ಘ ಎಲ್ಲೆಲ್ಲೋ ಬಿದ್ದಿರುತ್ತವೆ. ನೀವೇ ಎತ್ತಿ ಅವುಗಳ ಜಾಗದಲ್ಲಿ ಇಟ್ಟುಕೊಂಡು ಓದಿ.

ಈಗ ವಿಷಯ. ನಮ್ಮ ಲಾರಿಯ ಆಯಿಲ್ ಕೂಲರ್ ಪೈಪ್ ಎರಡನ್ನೂ, ಪವರ್ ಸ್ಟೀರಿಂಗ್ ಪೈಪ್ ಎರಡನ್ನೂ ಬದಲಾಯಿಸಿದ್ದೇನೆ. ಮೆಕ್ಯಾನಿಕ್ ಬಂದಿಲ್ಲ. ನಾನೇ ಬದಲಾಯಿಸಿದ್ದು.

ಕಾಗದ ಕೆಳಗಿಡಬೇಡಿ, ಓದಿ. ಲಾರಿ ನನ್ನ ಮೇಲೆ ಬಿದ್ದಿಲ್ಲ. ಹಿಂದಿನ ಚಕ್ರಗಳಿಗೆ ಆರು ಕಲ್ಲು ಕೊಟ್ಟಿದ್ದೆ. ಎರಡು ಸಾಕು ಅಂತ ನೀವು ಅನ್ನುತ್ತೀರಿ, ನನಗೆ ಸಾಲದು. ಲಾರಿ ಅಡಿಗೆ ನುಗ್ಗುವ ಮುಂಚೆ ಒಂದು ಚೀಟಿಯನ್ನೂ ಬರೆದು ಬಾಗಿಲಿಗೆ ಅಂಟಿಸಿದ್ದೆ: ಗ್ಯಾಸ್ ಆರಿಸಿದೆ, ಬೀಗದ ಕೈ ಎದುರುಮನೆ ಟೈಲರ್ ಅಕ್ಕನ ಹತ್ತಿರ ಇದೆ, ನಾನು ಲಾರಿ ಅಡಿಯಲ್ಲಿದ್ದೇನೆ. ಟೈಲರ್ ಅಕ್ಕ ಅದನ್ನು ಓದಿ, "ಲಾರಿ ಅಡಿಗೆ ಹೋಗ್ತಿದ್ದೀಯೋ, ಲೋಕಾನೇ ಬಿಟ್ಟು ಹೋಗ್ತಿದ್ದೀಯೋ?" ಅಂತ ಬೀದಿಗೆಲ್ಲ ಕೇಳುವ ಹಾಗೆ ನಕ್ಕರು.

ಯಾಕೆ ಮಾಡಿದೆ ಅಂದರೆ, ನೀವು ಹೊರಟ ದಿನದ ಮಾತಿಗೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತು, ನನ್ನ ಮುಖ ನೋಡದೆ ಲಾರಿಯ ಮುಖ ನೋಡಿ, "ಗಾಡಿ ರೆಡಿಯಾದ ದಿನ ಬರ್ತೀನಿ" ಅಂದಿರಿ. ಯಾರು ರೆಡಿ ಮಾಡುವುದು ಅಂತ ಕೇಳಬೇಕಿತ್ತು. ಕೇಳಬೇಕಾದ್ದು ನನಗೆ ಯಾವಾಗಲೂ ನೀವು ತಿರುವಿನಲ್ಲಿ ಮರೆಯಾದ ಮೇಲೇ ಹೊಳೆಯುತ್ತದೆ. ಆಡಬಾರದ್ದು ಮಾತ್ರ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ.

ಆ ಆಡಬಾರದ್ದು ಯಾವುದು ಅಂತ ಇಬ್ಬರಿಗೂ ಗೊತ್ತು. ಲಾರಿ ನಿಲ್ಲುವ ಜಾಗದಲ್ಲಿ ಅಂಗೈಯಗಲ ಕಲೆ ಕಂಡು, ಏನೋ ಸೋರುತ್ತಿದೆ ಅಂದೆ. "ನಿಂಗೆ ನೆರಳು ಕಂಡ್ರೂ ಲೀಕೇ" ಅಂತ ನಕ್ಕಿರಿ. ಆಮೇಲೆ ನಾನು ದಿನಕ್ಕೆ ಹದಿನೈದು ಸಲ ಫೋನ್ ಮಾಡಿ ನೋಡಿದಿರಾ, ನೋಡಿದಿರಾ ಅಂತ ಪ್ರಾಣ ತಿಂದೆ. ಕೊನೆಗೆ ಆ ಇಳಿಜಾರಿನಲ್ಲಿ ಪೈಪು ಒಡೆದು ಸ್ಟೀರಿಂಗ್ ಕಲ್ಲಾಯಿತು. ರಸ್ತೆ ಬದಿಯ ಗೋಡೆಗೆ ಉಜ್ಜಿಕೊಂಡು ಹೇಗೋ ನಿಲ್ಲಿಸಿ, ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದಿರಿ. ಬಂದವರು ಹೊಸ್ತಿಲಲ್ಲೇ ಕೂತುಬಿಟ್ಟಿರಿ. ನೀರು ಕೊಡಬೇಕಿತ್ತು, ಕೊಟ್ಟೆ. ಆದರೆ ಲೋಟದ ಜೊತೆಗೆ "ಹೇಳಿರಲಿಲ್ವಾ?" ಅಂತಲೂ ಕೊಟ್ಟೆ.

ಅಲ್ಲಿಗೆ ಬಿಡಲೂ ಇಲ್ಲ. ಮೂರು ವಾರ, ಹಾಲು ಉಕ್ಕಿದರೂ ಹೇಳಿರಲಿಲ್ವಾ, ಚಪ್ಪಲಿ ಕಿತ್ತರೂ ಹೇಳಿರಲಿಲ್ವಾ. "ನಿನ್ನ ಹೆದರಿಕೆ ನಿಜ ಆಗ್ಬಿಟ್ರೆ ನಿಂಗೆ ಖುಷಿ ಕಣೇ" ಅಂದಿರಿ. ಆ ಮಾತನ್ನು ಇಷ್ಟು ದಿನ ಅಗಿದಿದ್ದೇನೆ. ಖುಷಿ ಅಲ್ಲ ರೀ ಅದು. ನೀವು ಜೀವಸಹಿತ ನನ್ನ ಎದುರಿಗೆ ಕೂತಿದ್ದಿರಿ. ಅದನ್ನು ಹೇಳಲು ನನಗೆ ಬೇರೆ ಮಾತು ಸಿಗಲಿಲ್ಲ, ಇದೇ ಸಿಕ್ಕಿತು.

ಸರಿ, ಪೈಪಿಗೆ ಬರುತ್ತೇನೆ. ಹನ್ನೊಂದು ವರ್ಷ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀವು ಕೇಳಿದ ಸ್ಪ್ಯಾನರ್ ಕೊಟ್ಟವಳು ನಾನು. ನೀವು ಅಡಿಯಿಂದ ಕೈ ಮಾತ್ರ ಚಾಚಿ "ಹತ್ತೊಂಬತ್ತು" ಅನ್ನುತ್ತಿದ್ದಿರಿ. ನಾನು ಆರನ್ನು ಒಂಬತ್ತು ಅಂತ ತಲೆಕೆಳಗು ಓದಿ ಹದಿನಾರು ಕೊಟ್ಟು ಬೈಸಿಕೊಳ್ಳುತ್ತಿದ್ದೆ. ಹತ್ತೊಂಬತ್ತಕ್ಕೆ ಕೆಂಪು ಉಗುರುಬಣ್ಣ ಹಚ್ಚಿದಾಗ, "ಸ್ಪ್ಯಾನರ್‌ನ ಹೆಣ್ಣು ನೋಡೋಕೆ ಬರ್ತಾರಾ?" ಅಂದಿದ್ದಿರಿ. ಆ ಬಣ್ಣ ಇನ್ನೂ ಇದೆ. ಅಡಿಯಲ್ಲಿ ಅಂಗಾತ ಮಲಗಿ ಅಭ್ಯಾಸಬಲದಿಂದ ನಾನೂ ಕೈ ಹೊರಗೆ ಚಾಚಿ "ಹತ್ತೊಂಬತ್ತು" ಅಂದೆ. ಯಾರು ಕೊಡುತ್ತಾರೆ? ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದು, ಆಮೇಲೆ ನಾನೇ ತೆವಳಿಕೊಂಡು ಹೊರಗೆ ಬಂದು ತಗೊಂಡೆ.

ಮೊದಲು ಆಯಿಲ್ ಇಳಿಸಿದೆ. ಧೂಳು ಒಳಗೆ ಹೋಗಬಾರದು ಅಂತ ನೀವು ಅನ್ನುತ್ತಿದ್ದಿರಲ್ಲ, ಒಂದೊಂದು ನಟ್ಟಿನ ಸುತ್ತಲೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಆ ಬ್ರಷ್ ನಿಮ್ಮದು. ಎಸೆದಿರಲಿಲ್ಲ. ಬಿಚ್ಚುವಾಗ ಎರಡು ಸ್ಪ್ಯಾನರ್ ಹಾಕಿದೆ, ಒಂದು ಹಿಡಿದುಕೊಳ್ಳಲು, ಒಂದು ತಿರುಗಿಸಲು. ಹಿಡಿದುಕೊಳ್ಳದೆ ಬರೀ ತಿರುಗಿಸಿದರೆ ಪೈಪೇ ತಿರುಚಿಕೊಳ್ಳುತ್ತದೆ ಅಂತ ನೀವು ಹೇಳುತ್ತಿದ್ದುದು ಆಗ ಕಿವಿಗೆ ಬಿದ್ದಿತ್ತು ಅಷ್ಟೇ. ಅಡಿಯಲ್ಲಿ ಮಲಗಿ ಯೋಚಿಸಿದೆ, ಹನ್ನೊಂದು ವರ್ಷ ನಾನು ನಿಮ್ಮನ್ನು ಬರೀ ತಿರುಗಿಸುತ್ತಲೇ ಇದ್ದೆನೇನೋ ಅಂತ.

ಕೂಲರಿಗೆ ಹೋಗುವ ಬಾಯಿ ಯಾವುದು, ಅಲ್ಲಿಂದ ಬರುವ ಬಾಯಿ ಯಾವುದು ಅಂತ ಮರೆಯದಿರಲು ಟೈಲರ್ ಅಕ್ಕ ಕತ್ತರಿಸಿ ಬಿಟ್ಟ ಬಟ್ಟೆ ಚೂರು ಕಟ್ಟಿದ್ದೆ, ಹೋಗುವುದಕ್ಕೆ ಕೆಂಪು, ಬರುವುದಕ್ಕೆ ನೀಲಿ. ಬಹಳ ಜಾಣೆ ಅಂದುಕೊಂಡು ಮನೆಯೊಳಗೆ ಹೋಗಿ ಟೀ ಕುಡಿದು ಬಂದರೆ, ಆಯಿಲ್ ಕುಡಿದು ಎರಡೂ ಕಪ್ಪು! ಅಳುವೇ ಬಂತು, ಸ್ವಲ್ಪ ಅತ್ತೆ ಕೂಡ. ಆಮೇಲೆ ಬೆರಳಲ್ಲಿ ಸವರಿ ನೋಡಿದೆ. ಒಂದು ನುಣುಪು, ಒಂದು ಒರಟು. ಕೆಂಪು ಚೂರು ಯಾರದೋ ಕೋಟಿನ ಒಳಬಟ್ಟೆ, ನೀಲಿ ಚೂರು ಟವೆಲ್ಲಿನದು. ನುಣುಪು ಹೋಗುವುದು, ಒರಟು ಬರುವುದು. ಬಚಾವಾದೆ.

ಹೊಸ ಪೈಪ್ ತರಲು ಹೋದ ಕಥೆ ಕೇಳಿ. ದೊಡ್ಡ ಬೀದಿಯ ಅಂಗಡಿಯಲ್ಲಿ ಕೂಲರ್ ಪೈಪ್ ಬೇಕು ಅಂದೆ. ಆತ ಬಿಳಿ ಪ್ಲಾಸ್ಟಿಕ್ ಪೈಪಿನ ಸುರುಳಿ ತಂದು, "ಹಾಲ್‌ಗಾ ಅಮ್ಮಾ, ಬೆಡ್‌ರೂಮ್‌ಗಾ?" ಅಂದ. ಲಾರಿಗೆ ಅಂದೆ. "ಲಾರಿಗೂ ಕೂಲರ್ ಹಾಕ್ಸಿದ್ದೀರಾ? ಯಜಮಾನ್ರು ಪುಣ್ಯವಂತ್ರು ಬಿಡಿ" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದು ಬಿಚ್ಚಿದ ಹಳೆಯ ಪೈಪುಗಳನ್ನೇ ಗೋಣಿಚೀಲದಲ್ಲಿ ಸುತ್ತಿಕೊಂಡು, ಅಳತೆಗೆ ತಕ್ಕ ಹಾಗೆ ಪೈಪ್ ಕತ್ತರಿಸಿ ತುದಿಗೆ ನಟ್ ಒತ್ತಿಕೊಡುವ ಅಂಗಡಿಗೆ ಹೋದೆ. ಆ ಮುದುಕರು ಪ್ರತಿ ತುದಿಯನ್ನೂ ಬೆಳಕಿಗೆ ಹಿಡಿದು ನೋಡಿ, "ಯಾರಮ್ಮ ಬಿಚ್ಚಿದ್ದು? ಒಂದು ಥ್ರೆಡ್ಡೂ ಕೆಡ್ಸಿಲ್ಲ, ಕೈ ಚೆನ್ನಾಗಿದೆ" ಅಂದರು. ನನ್ನ ಬಾಯಿಂದ "ನಮ್ಮನೆಯವ್ರು" ಅಂತ ಬಂದುಬಿಟ್ಟಿತು. ಹೊಗಳಿಕೆ ನಿಮಗೆ ಹೋಯಿತು. ಪರವಾಗಿಲ್ಲ. ನಮ್ಮನೆಯವ್ರು ಅಂತ ಅಂದು ಬಹಳ ದಿನವಾಗಿತ್ತು. ದಾರಿಯುದ್ದಕ್ಕೂ ಬಾಯಲ್ಲಿ ಅದರ ರುಚಿ ಇತ್ತು.

ಹಾಕುವಾಗ ಹೊಸ ತಾಮ್ರದ ವಾಷರ್ ಹಾಕಿದೆ, ನಟ್ಟನ್ನು ಮೊದಲು ಬೆರಳಲ್ಲೇ ಹತ್ತಿಸಿದೆ, ಆಮೇಲೆ ಸ್ಪ್ಯಾನರ್. ಬಿಗಿಯಾಗಿದೆಯೋ ಇಲ್ಲವೋ ಅಂತ ಒಂಬತ್ತು ಸಲ ನೋಡಿದೆ. ಆಯಿಲ್ ತುಂಬಿ, ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಜೋಡಿಸಿ, ಕೀಲಿ ತಿರುವಿದೆ. ಹದಿನಾಲ್ಕು ತಿಂಗಳು ಸುಮ್ಮನಿದ್ದದ್ದು ಕೆಮ್ಮಿ, ಹೊಗೆ ಉಗುಳಿ, ಮಾತಾಡಿತು ರೀ. ಓಡಿ ಹೋಗಿ ಅಡಿಗೆ ರಟ್ಟಿನ ತುಂಡು ಹಾಸಿ ಕಾದೆ. ಒಂದು ಹನಿ ಇಲ್ಲ. ರಟ್ಟು ಒಣಗಿದ್ದ ಹಾಗೇ ಇದೆ. ನೀವು ನಂಬುವುದಿಲ್ಲ ಅಂತ ಅದರಲ್ಲೊಂದು ಮೂಲೆ ಕತ್ತರಿಸಿ ಕಾಗದದ ಜೊತೆ ಇಟ್ಟಿದ್ದೇನೆ.

ನಿಮ್ಮ ಸೀಟಿನಲ್ಲಿ ನಾನು ಕೂತಿದ್ದು ಅದೇ ಮೊದಲು. ನಿಮ್ಮ ಉದ್ದ ಕಾಲಿಗೆ ಹಿಂದಕ್ಕೆ ತಳ್ಳಿಟ್ಟಿದ್ದೀರಿ, ನನಗೆ ಸ್ಟೀರಿಂಗೂ ಸರಿಯಾಗಿ ಎಟುಕುವುದಿಲ್ಲ. ಹಿಡಿ ಎಳೆದರೆ ಮುಂದಕ್ಕೆ ಬರುತ್ತದೆ ಅಂತ ಗೊತ್ತು. ಎಳೆಯಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂತೆ. ಸೀಟಿನ ಎಡಬದಿ ತಗ್ಗಾಗಿದೆ, ನೀವು ಅತ್ತ ವಾಲಿ ಕೂರುತ್ತಿದ್ದಿರಿ. ಆ ತಗ್ಗಿನಲ್ಲಿ ಸ್ವಲ್ಪ ಹೊತ್ತು ನಾನೂ ವಾಲಿ ಕೂತಿದ್ದೆ. ಯಾರೂ ನೋಡಲಿಲ್ಲ.

ಈಗ ಉಳಿದಿರುವುದು ಒಂದೇ ಕೆಲಸ. ಸ್ಟೀರಿಂಗ್ ಪೈಪಿನೊಳಗೆ ಗಾಳಿ ಸೇರಿದೆ. ತಿರುಗಿಸಿದರೆ ನರಳುತ್ತದೆ, ಹೊಟ್ಟೆನೋವು ಬಂದವರ ಹಾಗೆ. ಗಾಳಿ ಬಿಡಿಸಲು ಇಬ್ಬರು ಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಮೇಲೆ ಒಬ್ಬರು ಕೂತು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿರಬೇಕು, ಕೆಳಗೆ ಒಬ್ಬರು ಸ್ಟೀರಿಂಗಿನ ಡಬ್ಬಿಗೆ ಆಯಿಲ್ ಹೊಯ್ಯುತ್ತಿರಬೇಕು. ನಾನೊಬ್ಬಳೇ ಹತ್ತಿ ತಿರುಗಿಸಿ, ಇಳಿದು ಓಡಿ ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿ ಮತ್ತೆ ಗಾಳಿ ಎಳೆದುಕೊಂಡಿರುತ್ತದೆ. ಎರಡು ದಿನ ಹತ್ತಿದೆ, ಇಳಿದೆ. ಮೊಣಕಾಲು ನೋವು ಬಂತೇ ಹೊರತು ಗಾಳಿ ಹೋಗಲಿಲ್ಲ. ಟೈಲರ್ ಅಕ್ಕನಿಗೆ ಶಾಲೆಯ ಯೂನಿಫಾರ್ಮ್ ಹೊಲಿಯುವ ಗಡಿಬಿಡಿ, ತಲೆ ಎತ್ತಲು ಪುರುಸೊತ್ತಿಲ್ಲ. ಬೇರೆ ಯಾರನ್ನು ಕರೆಯಲಿ?

ಹಾಗಾಗಿ ಲಾರಿ ಇನ್ನೂ ರೆಡಿಯಾಗಿಲ್ಲ. ನೀವು ಹೇಳಿದ ದಿನ ಇನ್ನೂ ಬಂದಿಲ್ಲ. ಅವಸರವೇನಿಲ್ಲ. ಆ ಕಡೆ ಬಿಡುವಾದಾಗ ಒಂದು ದಿನದ ಮಟ್ಟಿಗೆ ಬಂದರೆ ಮೇಲೆ ನೀವು, ಕೆಳಗೆ ನಾನು, ಅರ್ಧ ಗಂಟೆಯ ಕೆಲಸ. ನಾನು ಬಾಯಿ ಬಿಡುವುದಿಲ್ಲ. ಆ ಮಾತನ್ನಂತೂ ಆಡುವುದೇ ಇಲ್ಲ.

ಅಲ್ಲಿ ಗಾಳಿಯಲ್ಲಿ ಉಪ್ಪಿನಂಶವಂತೆ, ಮೀಸೆ ಡ್ರೈವರ್ ಹೇಳಿದರು. ಶರಟು ಚೆನ್ನಾಗಿ ಒಣಗಿಸಿಕೊಳ್ಳಿ. ಕ್ರೇನಿನ ಅಡಿಯಲ್ಲಿ ನಿಲ್ಲಬೇಡಿ. ನಿಲ್ಲುವುದಿಲ್ಲ ಅಂತ ಗೊತ್ತು, ಆದರೂ.

ಕಾದಿರುವ,
ನಿಮ್ಮ ಪುಕ್ಕಲಿ

ಸೋಮವಾರ ಬೆಳಿಗ್ಗೆ ಸೇರಿಸಿದ್ದು:

ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳಿದೆ. ಟೈಲರ್ ಅಕ್ಕನಿಗೆ ಪುರುಸೊತ್ತಿತ್ತು. ಎರಡು ದಿನವೂ ಗೇಟಿನ ಹತ್ತಿರ ಬಂದು "ನಾನು ಕೂತು ತಿರುಗಿಸ್ಲಾ?" ಅಂದರು. ನಾನೇ ಬೇಡ ಅಂದೆ. ಅದು ಇವರ ಜಾಗ ಅಂದೆ. ಅದೂ ಅರ್ಧ ಸುಳ್ಳೇ. ಲಾರಿ ಪೂರ್ತಿ ರೆಡಿಯಾಗಿಯೂ ನೀವು ಬರದೇ ಹೋದರೆ? ಒಂದು ಕೆಲಸ ಬಾಕಿ ಇದ್ದರೆ, ಇವರು ಅದಕ್ಕೇ ಬಂದಿಲ್ಲ ಅಂತ ದಿನ ದೂಡಬಹುದಲ್ಲ. ಆ ಧೈರ್ಯಕ್ಕೆ ಗಾಳಿಯನ್ನು ಒಳಗೇ ಉಳಿಸಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ಅಕ್ಕ ಹಾಲು ತರಲು ಹೋಗುತ್ತಾ, "ಲಾರಿ ರೆಡಿಯಾಗೋದು ನಿಂಗೆ ಬೇಕೋ ಬೇಡ್ವೋ, ಒಂದು ಹೇಳು ಮಾರಾಯ್ತಿ" ಅಂದರು. ಸರಿ, ನೀವೇ ಮೇಲೆ ಹತ್ತಿ ಅಕ್ಕ ಅಂದೆ. ಗಾಳಿ ಬಿಡಿಸಲು ನಾನು ಎತ್ತಿದ್ದ ಮುಂದಿನ ಚಕ್ರ ಇನ್ನೂ ಜಾಕಿನ ಮೇಲೇ ಇತ್ತು. "ಎಡಾನಾ ಬಲಾನಾ ನೋಡಿ ಹೇಳು, ನನ್ನ ಮೆಷಿನ್ನಿಗೆ ಮುಂದೆ ಹಿಂದೆ ಮಾತ್ರ ಗೊತ್ತು" ಅನ್ನುತ್ತಾ ತಿರುಗಿಸಿದರು. ನಾನು ಕೆಳಗೆ ಹೊಯ್ದೆ. ಮೊದಲು ಬರೀ ನೊರೆ, ಆಮೇಲೆ ಗುಳ್ಳೆ, ಆಮೇಲೆ ಒಂದೊಂದು ಗುಳ್ಳೆ. ನಲವತ್ತನೇ ಸುತ್ತಿಗೆ ಅದೂ ಇಲ್ಲ. ಇಂಜಿನ್ ಹಾಕಿ ನೋಡಿದೆವು. ನರಳಾಟ ನಿಂತಿದೆ. ಒಂದು ಬೆರಳಲ್ಲಿ ತಿರುಗುತ್ತದೆ.

ಮೀಸೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾರೆ. ಲಾರಿ ರೆಡಿಯಾಗಿದೆ. ದಿನ ಸೋಮವಾರ, ಬೆಳಿಗ್ಗೆ ಎಂಟೂವರೆ. ನನ್ನ ಹತ್ತಿರ ಇನ್ನು ಯಾವ ನೆವವೂ ಇಲ್ಲ, ನಿಮ್ಮ ಹತ್ತಿರವೂ ಇಲ್ಲ.

ಅಕ್ಕ ಸೀಟು ಮುಂದಕ್ಕೆ ಎಳೆಯಲು ಹೋದರು. ಎಳೆಯಲು ಬಿಡಲಿಲ್ಲ.