ಸ್ಕ್ರೀನ್ ಸತ್ತ ಕಂಪ್ಯೂಟರ್

2-6-2003, ಸೋಮವಾರ
ಮಾಂಬಳ್ಳಿಯಿಂದ ಒಂಬತ್ತೂವರೆ ಬಸ್. ಯಳಂದೂರಿನ ಸೆಂಟರಿನಲ್ಲಿ ಎರಡು ಗಂಟೆ ಟೈಪಿಂಗ್. ನಿಮಿಷಕ್ಕೆ ಇಪ್ಪತ್ತೆರಡು ಪದ. ಒತ್ತಿದ ಅಕ್ಷರವನ್ನೆಲ್ಲ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಹೇಳುತ್ತದೆ. ತಪ್ಪು ಕಿವಿಗೇ ಸಿಗುತ್ತದೆ.
27ಕ್ಕೆ ಮೈಸೂರಿನಲ್ಲಿ ಪರೀಕ್ಷೆ. ಮೂವತ್ತು ಪದ ಬೇಕು. ಪಾಸಾದರೆ ಒಂದು ವರ್ಷ ತರಬೇತಿ, ಹಾಸ್ಟೆಲ್. ಇಲ್ಲದಿದ್ದರೆ ಮತ್ತೆ ಇದೇ ಪಡಸಾಲೆ, ಇದೇ ಕಂಬ.
ಈ ಡೈರಿ ಬ್ರೈಲ್ ಚುಕ್ಕಿಯಲ್ಲಿದೆ. ಮನೆಯಲ್ಲಿ ಯಾರಿಗೂ ಓದಲು ಬರದು. ಇಷ್ಟು ಜಾಗ ಮಾತ್ರ ನನ್ನದು.

5-6-2003
ಗುಡುಗು. ಟಪ್ ಎಂದಿತು. ಸುಟ್ಟ ವಾಸನೆ. ಸೆಂಟರ್ ನೋಡಿಕೊಳ್ಳುವ ನಾಗಯ್ಯ ಸಾರ್ ಓಡಿ ಬಂದರು.
"ಕಂಪ್ಯೂಟ್ರು ಕೆಟ್ಟೋಯ್ತು ಕಣಮ್ಮ. ಸ್ಕ್ರೀನೆಲ್ಲ ಕತ್ಲೆ."
"ಸ್ಕ್ರೀನ್ ಕೆಟ್ರೆ ಕೆಡ್ಲಿ ಸಾ. ಇನ್ನೂ ಮಾತಾಡ್ತದಲ್ಲ."
"ಕಾಣ್ದೆ ಎಂಗ್ ನಡೆಸೀಯೆ?"
"ಸ್ಕ್ರೀನ್ ಇದ್ದಾಗ್ಲೂ ನಂಗೆ ಕಾಣ್ತಿರ್ಲಿಲ್ಲವಲ್ಲ ಸಾ."
ಸಾರ್ ನಗಲಿಲ್ಲ. ಪ್ಲಗ್ ಕಿತ್ತು ರೂಮಿಗೆ ಬೀಗ ಹಾಕಿದರು. ಕೊಳ್ಳೇಗಾಲದಿಂದ ಮೆಕ್ಯಾನಿಕ್ ಬರುವವರೆಗೆ ಯಾರೂ ಮುಟ್ಟಬಾರದಂತೆ.

16-6-2003
ಮೆಕ್ಯಾನಿಕ್ ಬಂದಿಲ್ಲ. ಹಲಗೆಗೆ ಹುಣಸೆಬೀಜ ಅಂಟಿಸಿ ಕೀಬೋರ್ಡ್ ಮಾಡಿಕೊಂಡಿದ್ದೇನೆ. ಬೆರಳು ಓಡುತ್ತದೆ. ತಪ್ಪು ಹೇಳುವವರಿಲ್ಲ.
ಅವ್ವ ಬಂದು ನಿಂತಳು. "ಇದೇನವ್ವ ಕೋಮ್ಲಾ, ಒಬ್ಳೇ ಚೌಕಾಬಾರ ಆಡೀಯಾ? ಗೆದ್ದೋರ್ಯಾರು?"

23-6-2003
ಅಪ್ಪನೂ ಸೆಂಟರಿಗೆ ಬಂದ. ದಿನಾ ನನಗೆ ಪೇಪರ್ ಓದುವ ಗಟ್ಟಿ ದನಿ ಅಲ್ಲಿ ಸಣ್ಣದಾಯಿತು. "ಒಂದ್ ಗಳ್ಗೆ ಮಗೀನ ಒಳಕ್ ಬಿಡಿ ಸಾ."
"ಕೆಟ್ಟಿರದ್ನ ಮುಟ್ಟಿ ಇನ್ನೂ ಕೆಟ್ರೆ? ಮೇಲಿನೋರ್ಗೆ ಉತ್ರ ಕೊಡೋನು ನಾನು, ಪುಟ್ಟಸಿದ್ದಯ್ಯ."
ಬಸ್ಸಿನಲ್ಲಿ ಅಪ್ಪ ಪೇಪರ್ ಬಿಡಿಸಲಿಲ್ಲ.

25-6-2003, ಬೆಳಿಗ್ಗೆ 11
ಸಾರ್ ಹನೂರಿಗೆ, ಮೀಟಿಂಗ್. ಅಟೆಂಡರ್ ಚಿಕ್ಕಮಾದಯ್ಯ ನನ್ನನ್ನು ರೂಮಿನೊಳಗೆ ಬಿಟ್ಟ. "ಬಿರ್ರನೆ ಮುಗಿಸ್ಕೊ ತಾಯಿ. ಯಾರಾರ ನೋಡಿದ್ರೆ ನನ್ ಕತೆ ಮುಗೀತು." ಹೊರಗಿನಿಂದ ಬೀಗ.
ಕರೆಂಟ್ ಇಲ್ಲ. ಸೆಕೆ. ಕಿಟಕಿಗೆ ಮೊಳೆ ಹೊಡೆದಿದ್ದಾರೆ. ಕಾಯುತ್ತಾ ಬರೆಯುತ್ತಿದ್ದೇನೆ.

12.10
ಕರೆಂಟ್ ಬಂತು. ಪ್ಲಗ್ ಹಾಕಿದೆ. ಒಳಗಿನ ಫ್ಯಾನ್ ಗುಂಯ್ ಅಂತು... ಮಾತಾಡಿತು.
ಆದರೆ ಸಾಲೆಲ್ಲ ತಪ್ಪು. ಹಲಗೆಗೆ ಒಂದು ಬೀಜ ಕಡಿಮೆ ಅಂಟಿಸಿದ್ದೆ. ಬಲಗೈ ಒಂದು ಕೀ ಪಕ್ಕಕ್ಕೆ ಜಾರುತ್ತಿದೆ. ಹತ್ತು ದಿನ ತಪ್ಪನ್ನೇ ಕಲಿತಿದ್ದೇನೆ. ಇಂದು, ನಾಳೆ — ಎರಡೂ ದಿನ ಈ ಕಂಪ್ಯೂಟರ್ ಬೇಕೇ ಬೇಕು.

12.40
ನಾಗಯ್ಯ ಸಾರ್ ಚಪ್ಪಲಿ ಸದ್ದು. ಮೀಟಿಂಗ್ ನಡೆದಿಲ್ಲ. ಬಾಗಿಲಾಚೆ ನಿಂತು ಕೂಗುತ್ತಿದ್ದಾರೆ. "ಒಳಗ್ಯಾರು ಇಂಗ್ಲಿಷ್ ಮಾತಾಡೋದು? ಲೇ ಚಿಕ್ಕಮಾದಯ್ಯ, ಬೀಗದ ಕೈ ಎಲ್ಲೋ?"
ಅವನು ಟೀಗೆ ಹೋಗಿದ್ದಾನೆ.
ಪ್ಲಗ್ ಕಿತ್ತರೆ ಸಾರ್ ಪಾಲಿಗೆ ಕೆಟ್ಟ ಕಂಪ್ಯೂಟರ್ ಕೆಟ್ಟೇ ಇರುತ್ತದೆ. ಕೀಳುವುದಿಲ್ಲ. ಅದು ಮಾತಾಡುವುದನ್ನು ಅವರೇ ಕೇಳಲಿ ಎಂದು ಸ್ಪೀಕರಿನ ತಿರುಪು ಕೊನೆಯವರೆಗೆ ತಿರುಗಿಸಿದ್ದೇನೆ. ಬೀಗದ ಕೈ ಬಂತು. ಎರಡೂ ಕೈ ಈಗ ಕೀಬೋರ್ಡಿಗೆ—