ಹಾಜರಿಯ ಹೆಸರು

ಮಹಿಳಾ ಕಾರಾಗೃಹ
೧೪ ಜೂನ್ ೨೦೨೪

ಪ್ರೀತಿಯ ಗಿರಿಜಕ್ಕನಿಗೆ,

ತಂಗಿ ಸುಂದರಾಳ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಲಖನೂರಿನಲ್ಲಿ ನೀನು, ನಿನ್ನ ಮನೆಯವರು ಭರಮು ಮಾಮಾ, ನನ್ನ ಮಗಳು ಶುಭಾಂಗಿ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. “ಸಾಲ್ಯಾಗ ಹುಡುಗೂರು ನಿಮ್ಮವ್ವ ಎಲ್ಲ್ಯದಾಳ ಅಂತ ಕಾಡತಾವ. ದೊಡ್ಡವ್ವ ಅನ್ನೂದ ಬಿಟ್ಟ ನನಗ ಅವ್ವ ಅನ್ನಂತ ಹೇಳಲೇನು?” ಎಂದು ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಬರೆಯಲೆಂದು ಪೆನ್ನು ಹಿಡಿದು ಹಿಡಿದು ಇಟ್ಟೆ.

ಮೊದಲು ಮಾಮಾನ ಚಿಂತೆ. ಮುಚ್ಚಿದ ಬಾಗಿಲ ಮುಂದೆ ಹುಡುಗಿ ಸುಮ್ಮನೆ ನಿಲ್ಲುತ್ತಾಳೆ, ದೂಡುವುದಿಲ್ಲ, ಕೂಗುವುದೂ ಇಲ್ಲ, ಬುದ್ಧಿ ಮಂದವೋ ಏನೋ ಅಂದರಂತೆ. ಅವಳ ಬುದ್ಧಿ ಮಾಮಾನಿಗಿಂತ ಚುರುಕಾಗಿದೆ ಎಂದು ಹೇಳು. ಅವಳು ಹುಟ್ಟಿದ್ದೇ ಇಲ್ಲಿ. ಆರು ತುಂಬಿ, ಇನ್ನು ಇರುವಂತಿಲ್ಲವೆಂದು ನೀನು ಕರೆದೊಯ್ಯುವವರೆಗೆ ಅವಳು ಕಂಡ ಬಾಗಿಲನ್ನೆಲ್ಲ ಬೇರೆಯವರೇ ತೆಗೆದಿದ್ದಾರೆ. ಅವಳ ಕೈ ಹಿಡಿದು ಕದದ ಮೇಲಿಟ್ಟು ದೂಡಿಸು. ರುಚಿ ಹತ್ತಿದರೆ ನಿನ್ನ ಕದಗಳ ಗತಿ ದೇವರಿಗೇ ಗೊತ್ತು. ಸಂಜೆಯಾದೊಡನೆ ಆಟ ಬಿಟ್ಟು ಬಂದು ಗೋಡೆಗೆ ಒರಗಿ ಕೂರುವುದೂ ಇಲ್ಲಿಯ ರೂಢಿ. ಆ ಹೊತ್ತಿಗೆ ನಮ್ಮನ್ನು ಎಣಿಸಿ ಬೀಗ ಹಾಕುತ್ತಾರೆ. ನೀನು ಎಮ್ಮೆ ಹಿಂಡುವಾಗ ಅವಳನ್ನೂ ಹೊರಗೆ ಕೂರಿಸಿಕೋ.

ಇಲ್ಲಿ ಹೊಸ ನಲ್ಲಿ ಕೂಡಿಸಿದ್ದಾರೆ, ಸರತಿಯೇನೂ ಕಡಿಮೆಯಾಗಿಲ್ಲ. ನಾವು ಗೊಣಗಿದರೆ ಎಲ್ಲರಿಗಿಂತ ಹಳೆಯ ಕೈದಿ ಲಕ್ಕವ್ವ ಬೈಯುತ್ತಾಳೆ. “ಈ ಕಟ್ಟಡ ಆಗೂಕಿಂತ ಮೊದಲ ಗಂಡಸರ ಜೈಲಿನ ಹಿಂದ ನಮಗ ಎರಡ ಖೋಲಿ ಇದ್ದೂ. ಸೀರಿ ಅಡ್ಡ ಹಿಡದ ಜಳಕಾ ಮಾಡತಿದ್ದಿವಿ. ಕೂಸಿಗೆ ಹಾಲ ಬೇಕಂದ್ರ ಸಾಹೇಬರ ಮಾರಿ ನೋಡಬೇಕಿತ್ತು. ನೀವು ಈಗ ರಾಣ್ಯಾರ ಬೇ” ಎನ್ನುತ್ತಾಳೆ. ರಾಣಿಯರು ಹೌದು, ಹಾಸಿಗೆ ಬಿಡಿಸುವಷ್ಟು ಜಾಗಕ್ಕೆ ದಿನಾ ಜಗಳಾಡುವ ರಾಣಿಯರು. ಆದರೂ ಫ್ಯಾನು ಇದೆ, ಹೊಲಿಗೆ ಕಲಿಸುತ್ತಾರೆ. ಮಕ್ಕಳ ಕೋಣೆಯ ಗೋಡೆಗೆ ಗಿಳಿಗಳ ಚಿತ್ರ ಬರೆಸಿದ್ದಾರೆ. ಆ ಕಡೆ ನಾನು ಹೋಗುವುದಿಲ್ಲ.

ವಕೀಲರು ಬಂದಿದ್ದರು. ನನ್ನ ಅಪೀಲು ವಜಾ ಆಯಿತು. ಗಂಡನನ್ನು ಕೊಂದವಳು ಎಂಬುದು ಕೋರ್ಟಿನಲ್ಲಿ ಖಾಯಂ ಆಯಿತು. ಆ ಮನುಷ್ಯ ಇದ್ದಾಗಲೂ ನನ್ನನ್ನು ಬಿಡಲಿಲ್ಲ, ಹೋದ ಮೇಲೂ ಬಿಡಲಿಲ್ಲ. ನೀನು ಅಳಬೇಡ, ನಾನು ಅತ್ತು ಮುಗಿಸಿ ಈಗ ಸರಿಯಾಗಿ ಊಟ ಮಾಡುತ್ತಿದ್ದೇನೆ. ಆದರೆ ಶುಭಾಂಗಿ ದೊಡ್ಡವಳಾಗುವವರೆಗೆ ನಾನು ಬರುವುದಿಲ್ಲ ಎಂಬುದನ್ನು ನಾವಿಬ್ಬರೂ ಒಪ್ಪಿಕೊಳ್ಳಬೇಕು.

ಅವಳ ಕೂದಲು ಸಿಕ್ಕುಗಟ್ಟುತ್ತದೆ, ಎಣ್ಣೆ ಹಚ್ಚಿ ಮೆಲ್ಲಗೆ ಬಾಚು. ಅವಳಿಗೆ ನನ್ನ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಸುಂದರಾ

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ. ನಿನ್ನನ್ನು ಅವ್ವ ಎಂದೇ ಕರೆಯಲಿ. ನೀನು ನನ್ನಿಂದ ಏನನ್ನೂ ಕಸಿದುಕೊಳ್ಳುತ್ತಿಲ್ಲ. ಇಲ್ಲಿ ಎತ್ತಿ ಆಡಿಸಿದ ಹೆಂಗಸರನ್ನೆಲ್ಲ ಅವಳು ಅವ್ವ ಅನ್ನುತ್ತಿದ್ದಳು. ನನ್ನನ್ನು ಮಾತ್ರ, ಬೆಳಗಿನ ಹಾಜರಿಯಲ್ಲಿ ಕೂಗುವುದನ್ನು ಕೇಳಿ ಕೇಳಿ, “ಸುಂದರಾ” ಎಂದೇ ಕರೆದಳು. ತಿದ್ದಿದರೆ ನಕ್ಕು ಮತ್ತೆ ಹಾಗೇ ಕರೆಯುತ್ತಿದ್ದಳು. ನಿದ್ದೆಯಲ್ಲಿ ಅವಳು ನನ್ನ ಹೆಸರು ಹಿಡಿದು ಕೂಗುತ್ತಾಳೆಂದೂ, ದೊಡ್ಡವರ ಹೆಸರು ಹಿಡಿಯಬಾರದೆಂದು ನೀನು ಗದರಿಸಿದೆಯೆಂದೂ ಬರೆದಿದ್ದೀಯ. ಅದೊಂದನ್ನು ತಿದ್ದಬೇಡ ಅಕ್ಕ. ಅವಳು ಅವ್ವನನ್ನು ಕರೆಯುತ್ತಿದ್ದಾಳೆ.